ಕೂಗದ ಹುಂಜ ಹುಡುಕಿದವರು

ಅವರು ಹೋದ ಸುದ್ದಿ ನನಗೆ ತಲುಪಿದ್ದು ಗೋಕಾಕದ ಕಚೇರಿಯಲ್ಲಿ. ಹುಕ್ಕೇರಿಯಿಂದ ಕೆಲಸದ ಮೇಲೆ ಬಂದಿದ್ದ ಜವಾನನೊಬ್ಬ ನನ್ನ ಮೇಜಿನ ಮುಂದೆ ನಿಂತು, "ನಿಮ್ಮ ಪುರಾಣದ ಕಾಕಾ ತೀರಿಕೊಂಡ್ರರಿ ಸಾಹೇಬ್ರ. ನಸುಕಿನ್ಯಾಗ ನಿದ್ದ್ಯಾಗ ಹೋಗ್ಯಾರ," ಎಂದ. ಇಂಥ ಹೊತ್ತಿನಲ್ಲಿ ಜನ ಏನಾಗಿತ್ತು, ಎಷ್ಟು ವಯಸ್ಸಾಗಿತ್ತು ಎಂದು ಕೇಳುತ್ತಾರೆ. ನಾನು ಕೇಳಿದ್ದು, "ಒದರಲಿಲ್ಲೇನು?"

ಜವಾನನಿಗೂ ಆ ಪ್ರಶ್ನೆ ವಿಚಿತ್ರ ಎನಿಸಲಿಲ್ಲ. "ಇಲ್ರಿ. ಅದಕ್ಕ ಇಡೀ ಓಣಿ ತಡಾ ಮಾಡಿ ಎದ್ದತಿ. ಹಾಲಿನವ ಬಾಗಲಾ ಬಡದ ಬಡದ ಸಾಕಾಗಿ ಹೋಗ್ಯಾನ. ಸಾಲಿ ಹುಡುಗ್ರಿಗೆ ಛಡಿ ಏಟು ಬಿದ್ದಾವ," ಎಂದು ವರದಿ ಒಪ್ಪಿಸಿದ.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುತ್ತಾರೆ. ಅವರಂತೂ ಈ ನಿಯಮವನ್ನು ಒಂದು ದಿನವೂ ಪಾಲಿಸಿದವರಲ್ಲ. ಶ್ರಾವಣದಲ್ಲಿ ಪುರಾಣ ಹೇಳಲು ಕುಳಿತರೆ ಎಂದೋ ಸತ್ತ ರಾಜರನ್ನೆಲ್ಲ ಎಬ್ಬಿಸಿ ನಿಲ್ಲಿಸಿ ಬೈಯುತ್ತಿದ್ದರು. ಯಾವನಾದರೂ ಕಾಡಿಗೆ ಹೋಗಿ ತಪಸ್ಸಿಗೆ ಕುಳಿತ ಎಂದು ಬಂದರೆ, "ಮನ್ಯಾಗ ಕೆಲಸಾ ಇರಲಿಲ್ಲ ಅವಂಗ," ಎನ್ನುವರು. ದೇವರು ಪ್ರತ್ಯಕ್ಷನಾಗಿ ರಾಕ್ಷಸನಿಗೆ ವರ ಕೊಟ್ಟನೋ, ಓಲೆಯಿಂದ ತಲೆ ಎತ್ತಿ, "ಯಾರಿಗೆ ಏನ ಕೊಡಬೇಕು ಅನ್ನೂದು ಆತಗೂ ತಿಳೀಲಿಲ್ಲ ನೋಡ್ರಿ," ಎಂದು ಒಂದು ಚಿಟಿಕೆ ತಪಕೀರು ಮೂಗಿಗೇರಿಸುವರು. ಹೆಂಗಸರ ಸಾಲು ಸೆರಗಿನಲ್ಲಿ ನಗುತ್ತಿತ್ತು. ಗಂಡಸರ ಸಾಲಿನಲ್ಲಿ ಯಾರಾದರೂ ತೂಕಡಿಸಿದರೆ ಆಗಲೇ ಸತ್ತುಬಿದ್ದ ರಾಕ್ಷಸನನ್ನು ಮತ್ತೊಮ್ಮೆ ಎಬ್ಬಿಸಿ ಇನ್ನೂ ದೊಡ್ಡ ದನಿಯಲ್ಲಿ ಕೊಲ್ಲುತ್ತಿದ್ದರು. ಆಳು ಕೊಡೆಯ ಕಡ್ಡಿಯಷ್ಟು. ಆ ದನಿ ಅವರ ಮೈಯಲ್ಲಿ ಎಲ್ಲಿ ಇರುತ್ತಿತ್ತೋ ಇಂದಿಗೂ ನನಗೆ ತಿಳಿದಿಲ್ಲ.

ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದ ಹೊಸದರಲ್ಲಿ ನಾನು ಹುಕ್ಕೇರಿ ಕಚೇರಿಗೆ ಕಾರಕೂನನಾಗಿ ಹೋದೆ. ನನ್ನದು ಮೂಡಲಗಿ ಬಳಿಯ ಹಳ್ಳಿ, ಕೋಳಿ ಕುರಿ ತಿನ್ನುವ ಒಕ್ಕಲು ಮನೆತನ. ರೂಮು ಸಿಕ್ಕಿದ್ದು ಮಾತ್ರ ತತ್ತಿ ಎಂಬ ಶಬ್ದವನ್ನೂ ಬಾಯಲ್ಲಿ ಹಾಕದ ಓಣಿಯಲ್ಲಿ. ರೂಮಿನ ಮಾಲೀಕರು ಓಣಿಯ ಹಿರಿಯರಾದ ಗೌಡರು. "ಅಡಗಿ ಮಾಡೂದು ದೂರ ಉಳೀಲಿ, ಊರಾಗ ತಿಂದು ಬಂದ ದಿನ ನನ್ನ ಕಟ್ಟಿ ಹತ್ತಬ್ಯಾಡ್ರಿ," ಎಂದು ಕೀಲಿಕೈ ಕೊಡುವಾಗಲೇ ಹೇಳಿದ್ದರು. ಅದೇ ಕಟ್ಟೆಯ ಇನ್ನೊಂದು ತುದಿಗೆ, ನನ್ನ ಗೋಡೆಗೆ ಗೋಡೆ ಹಚ್ಚಿ, ಪುರಾಣದ ಕಾಕಾ ಮತ್ತು ಅವರ ಹೆಂಡತಿ ಕಾಕು ಇಬ್ಬರೇ ಇದ್ದರು. ಮಕ್ಕಳಿರಲಿಲ್ಲ. ಶ್ರಾವಣದ ಪುರಾಣಕ್ಕೆ ಊರು ಕೊಡುವ ಕಾಳಿನ ಮೇಲೆ ಅವರ ವರ್ಷ ಕಳೆಯುತ್ತಿತ್ತು.

ಆ ವರ್ಷ ಕಾಕು ಕೆಮ್ಮುತ್ತಿದ್ದರು. ಮೊದಮೊದಲು ಧೂಳೆಂದರು, ಚಳಿಯೆಂದರು, ಆಮೇಲೆ ಏನೂ ಅನ್ನದೆ ಸುಮ್ಮನಾದರು. ಗೋಕಾಕದ ಡಾಕ್ಟರು ಎದೆಗೆ ಕೊಳವೆ ಹಚ್ಚಿ ನೋಡಿ ಕ್ಷಯ ಎಂದರಂತೆ. ಸೂಜಿ ಬರೆದುಕೊಟ್ಟರು. ಗಟ್ಟಿಯಾಗಿ ಮಾತಾಡಬಾರದು, ಒಲೆಯ ಮುಂದೆ ಕೂರಬಾರದು, ದಿನಾ ಹಾಲಿನಲ್ಲಿ ಹಸಿ ತತ್ತಿ ಒಡೆದು ಕುಡಿಸಲೇಬೇಕು ಎಂದರು. ಗೋಕಾಕದಿಂದ ಮರಳಿದ ಸಂಜೆ ಕಾಕಾ ನನ್ನ ರೂಮಿಗೆ ಬಂದು ಬಾಗಿಲು ಮುಂದೆ ಮಾಡಿದರು.

"ಕಾರಕೂನ್ ಸಾಹೇಬ್ರ, ನೀವು ತಿನ್ನವರ ಪೈಕಿ ಹೌದಲ್ರಿ?"

ಹಿಂದಿನ ರವಿವಾರ ಊರಲ್ಲಿ ತಿಂದದ್ದರ ವಾಸನೆ ಇನ್ನೂ ಬಾಯಿಯಿಂದ ಬರುತ್ತಿದೆಯೇನೋ ಎಂದು ನಾನು ಬಾಯಿಗೆ ಕೈ ಅಡ್ಡ ಹಿಡಿದೆ. "ಇಲ್ಲಿ ಮುಟ್ಟಿಲ್ರಿ ಕಾಕಾ, ದೇವರಾಣಿ," ಎಂದೆ.

"ತಿಂದ್ರ ತಿನ್ರಿ, ನಾ ಏನ ಗೌಡ ಅಲ್ಲ. ಒಂದ ಮಾತ ಹೇಳ್ರಿ. ಹುಂಜದಾಗ ಕೂಗದ ಜಾತಿ ಯಾವುದು?"

ಅವರು ಹಿತ್ತಲಲ್ಲಿ ಗುಟ್ಟಾಗಿ ಕೋಳಿ ಸಾಕುವ ವಿಚಾರ ಮಾಡಿದ್ದರು. ತತ್ತಿ ಕೊಂಡು ತರಬಹುದಲ್ಲ ಎಂದು ನಾನೆಂದೆ. "ಒಮ್ಮಿ ತಂದ್ರ ಔಷಧ ಅಂತಾರ. ದಿನಾ ತಂದ್ರ ಓಣಿ ಮೂಗಾ ಮುಚಗೋತೈತಿ. ತತ್ತಿ ಮನ್ಯಾಗ ಇಟಗೊಂಡವನ ಬಾಯಿಂದ ಪುರಾಣ ಯಾರ ಕೇಳ್ತಾರ? ಪುರಾಣ ಹೋದ್ರ ಕಾಳು ಹೋತು. ಕಾಳು ಹೋದ್ರ ಗೋಕಾಕದ ಸೂಜಿ ಹೋತು. ಸೂಜಿ ಹೋದ್ರ..." ಎಂದು ನಿಲ್ಲಿಸಿದರು. ಮಾತನ್ನು ಅರ್ಧಕ್ಕೆ ಬಿಟ್ಟದ್ದನ್ನು ನಾನು ಅವರಲ್ಲಿ ಅದೇ ಮೊದಲು ಕಂಡದ್ದು. ತಪಕೀರಿನ ಡಬ್ಬಿ ತೆಗೆದು ಮತ್ತೆ ಹಾಗೇ ಕಿಸೆಗೆ ಹಾಕಿಕೊಂಡರು.

"ಕೋಳಿ ಮುಚ್ಚಿ ಇಡಬಹುದು. ಹುಂಜದ್ದ ಕಾಳಜಿ. ಗಂಡ ಇಲ್ದ ತತ್ತಿ ಬರಂಗಿಲ್ಲಲ್ಲ?"

"ಬರಂಗಿಲ್ರಿ," ಎಂದು ನಾನು ಅಧಿಕಾರವಾಣಿಯಲ್ಲಿ ಹೇಳಿದೆ. ನಮ್ಮ ಹಳ್ಳಿಯಲ್ಲಿ ಹುಂಜವಿಲ್ಲದೆ ಬಾಳಿದ ಕೋಳಿಯನ್ನು ಯಾರೂ ಕಂಡಿರಲಿಲ್ಲ. ತಿಪ್ಪೆ ಇದ್ದಲ್ಲಿ ಕೋಳಿ, ಕೋಳಿ ಇದ್ದಲ್ಲಿ ಹುಂಜ, ಅದನ್ನು ಯಾರು ಪರೀಕ್ಷೆ ಮಾಡುತ್ತಾರೆ? ಕೋಳಿಯ ವಿಷಯದಲ್ಲಿ ನನ್ನ ನಿಜವಾದ ಜ್ಞಾನ ತಾಟಿನಿಂದ ಆಚೆ ಹೋದದ್ದಲ್ಲ. ಆದರೆ ಆ ಓಣಿಯಲ್ಲಿ ನನ್ನನ್ನು ಯಾರಾದರೂ ಯಾವುದಕ್ಕಾದರೂ ಪಂಡಿತನೆಂದು ಎಣಿಸಿದ್ದು ಅದೇ ಮೊದಲು. ನಾನು ಗಂಭೀರವಾಗಿ ವಿಚಾರ ಮಾಡಿ, "ಬೋಳಗುತ್ತಿಗಿ ಜಾತಿ ತರೂನ್ರಿ. ಕುತ್ತಿಗಿಗಿ ಪುಕ್ಕ ಇರಂಗಿಲ್ಲ, ನಸುಕಿನ ಚಳಿಗೆ ಗಂಟಲಾ ಹಿಡಿತೈತಿ," ಎಂದೆ. ಕಾಕಾ ನನ್ನ ಬೆನ್ನು ಚಪ್ಪರಿಸಿದರು.

ಮೂಡಲಗಿ ಸಂತೆಗೆ ಇಬ್ಬರೂ ಹೋದೆವು. ಪುರಾಣ ಹೇಳುವವರು ಕೋಳಿ ಮಾರುವ ಕಡೆ ಸುಳಿಯುವಂತಿಲ್ಲ, ಆದ್ದರಿಂದ ಅವರು ದೂರ ಬಳೆ ಅಂಗಡಿಯ ನೆರಳಲ್ಲಿ ರುಮಾಲಿನ ಚುಂಗನ್ನು ಮೂಗಿನ ತನಕ ಎಳೆದುಕೊಂಡು ನಿಂತರು. ಹುಂಜ ಮನಸ್ಸಿಗೆ ಬಂದರೆ ಕೊಡೆ ಎತ್ತುವುದು, ಬಾರದಿದ್ದರೆ ಇಳಿಸುವುದು ಎಂದು ಗೊತ್ತು ಮಾಡಿಕೊಂಡಿದ್ದೆವು. ಕೊಳ್ಳುವ ಮೊದಲು ಕೂಗಿಸಿ ಕೇಳಬೇಕೆಂದು ಅವರ ಅಪ್ಪಣೆ. ಕಾಲು ಕಟ್ಟಿಸಿಕೊಂಡು ಬಿದ್ದ ಹುಂಜ ಯಾವ ಸಂತೋಷಕ್ಕೆ ಕೂಗೀತು? ಮಾರುವವಳು, "ಕೂಗಿ ತೋರಸಾಕ ಇದೇನ ನಾಟಕದ ಪಾತ್ರೇನ್ರಿ? ಒಯ್ಯವ್ರು ಒಯ್ರಿ, ಇಲ್ಲಂದ್ರ ಬಿಡ್ರಿ," ಎಂದು ಸಿಟ್ಟಾದಳು. ಬಳೆ ಅಂಗಡಿಯ ಕಡೆ ನೋಡಿದರೆ ಕೊಡೆ ಮೇಲೆ ಹೋಗುತ್ತಿದೆ, ಕೆಳಗೆ ಬರುತ್ತಿದೆ. ಬಳೆ ಕೊಳ್ಳಲು ಬಂದ ಹೆಂಗಸರು ಸರಿದು ನಿಂತು ಅವರನ್ನೇ ನೋಡುತ್ತಿದ್ದರು. ಕೊನೆಗೆ ನನ್ನದೇ ಧೈರ್ಯದ ಮೇಲೆ ಬೋಳಗುತ್ತಿಗೆಯ ಹುಂಜವೊಂದನ್ನೂ ಎರಡು ಕೋಳಿಗಳನ್ನೂ ಚೀಲಕ್ಕೆ ಹಾಕಿ, ಮೇಲೆ ಕೊತ್ತಂಬರಿ ಸೊಪ್ಪು ಹೊದಿಸಿ ಮೋಟಾರು ಹತ್ತಿದೆವು.

ಮರುದಿನ ನಸುಕಿನಲ್ಲಿ ಗೋಡೆಯಾಚೆ ಹುಂಜ ಕೂಗಿತು. ಗಂಟಲು ಹಿಡಿದದ್ದು ಸುಳ್ಳು. ಕೂಗು ಇನ್ನೂ ಅರ್ಧದಲ್ಲಿರುವಾಗಲೇ ಅದರ ಮೇಲೆ, "ಹರ ಹರ ಮಹಾದೇವಾ!" ಎಂಬ ಗರ್ಜನೆ ಬಿತ್ತು. ನಾನು ಹಾಸಿಗೆಯಿಂದ ಎದ್ದು ಕುಳಿತೆ. ಹುಂಜ ಮತ್ತೆ ಕೊರಳೆತ್ತಿತು, ಕಾಕಾ ಮತ್ತೆ ಎತ್ತಿದರು. ಆ ದನಿಯ ಅಡಿಯಲ್ಲಿ ಹುಂಜದ ದನಿ ಅಡಗಿಯೇ ಹೋಯಿತು. ಬೆಳಕಾಗುವವರೆಗೂ ಇಬ್ಬರದೂ ನಡೆಯಿತು. ಓಣಿಯವರು, "ಹೆಂಡತಿ ಸಲುವಾಗಿ ಕಾಕಾ ನೇಮ ಹಿಡದಾರ," ಎಂದು ಮಾತಾಡಿಕೊಂಡರು. ಒಂದು ರೀತಿಯಲ್ಲಿ ನೋಡಿದರೆ ಅದು ಖರೆಯೇ.

ಹುಂಜ ಬೆಳಿಗ್ಗೆ ಮಾತ್ರ ಕೂಗುತ್ತದೆಂದು ತಿಳಿದಿದ್ದ ಕಾಕಾ ಅದು ಶಾಲೆಯ ಗಂಟೆಗೂ ಕೂಗುತ್ತದೆಂದು ತಿಳಿದು ಕಂಗಾಲಾದರು. ಮಧ್ಯಾಹ್ನ ಊಟದ ನಡುವೆ ತುತ್ತು ಕೈಯಲ್ಲಿ ಹಿಡಿದೇ ಮಹಾದೇವನನ್ನು ಕರೆಯಬೇಕಾಯಿತು. ಕೋಳಿ ತತ್ತಿಯಿಟ್ಟು ಎಬ್ಬಿಸುವ ಗದ್ದಲಕ್ಕೆ ಬೇರೆ ಉಪಾಯ. ಆಗ ಅವರು ಒರಳಲ್ಲಿ ಖಾರ ಕುಟ್ಟುತ್ತಿದ್ದರು. ಗಂಡಸು ಖಾರ ಕುಟ್ಟುವುದನ್ನು ಕಂಡು ಓಣಿಯ ಹೆಂಗಸರು ಮರುಗಿ ತಮ್ಮ ಮನೆಯ ಮೆಣಸಿನಕಾಯಿಯನ್ನೂ ಕೊಟ್ಟುಹೋದರು.

ತತ್ತಿಯನ್ನು ಹಾಲಿನಲ್ಲಿ ಕಲಕಿ, ಬೆಲ್ಲ ಅರಿಷಿಣ ಹಾಕಿ, "ಮೈಸೂರು ಸರಕಾರದ ಟಾನಿಕ್ ಬಂದೈತಿ, ಕಣ್ಣ ಮುಚ್ಚಿ ಕುಡಿ," ಎಂದು ಕಾಕುವಿಗೆ ಕೊಡುತ್ತಿದ್ದರು. ಕಾಕು ಒಳಕೋಣೆಯಲ್ಲಿ ಕೌದಿ ಹೊದ್ದು ಮಲಗಿರುತ್ತಿದ್ದರು. ಲೋಟ ಖಾಲಿ ಮಾಡಿ ಮಾತಿಲ್ಲದೆ ಕೆಳಗಿಡುತ್ತಿದ್ದರು. ಹಿತ್ತಲಿನ ಸದ್ದು ಏನೆಂದು ಒಮ್ಮೆಯೂ ಕೇಳಲಿಲ್ಲ. ಆಕೆಗೆ ಗೊತ್ತಿಲ್ಲ ಎಂದು ನಂಬಿದ್ದವರು ಹುಕ್ಕೇರಿ ತಾಲೂಕಿನಲ್ಲಿ ನಾವಿಬ್ಬರೇ.

ಬೋಳಗುತ್ತಿಗೆ ನಡೆಯಲಿಲ್ಲ ಎಂದ ಮೇಲೆ ನಾನು ಮೈ ಸಣ್ಣದಿದ್ದರೆ ದನಿಯೂ ಸಣ್ಣದಿರುತ್ತದೆ ಎಂಬ ಹೊಸ ಶಾಸ್ತ್ರ ತೆಗೆದೆ. ಸಂಕೇಶ್ವರದಿಂದ ಗಿಡ್ಡ ಜಾತಿಯ ಹುಂಜ ತಂದೆವು. ಅದು ರೈಲಿನ ಸೀಟಿಯಂತೆ ಚೀರಿತು, ಅದೂ ದೊಡ್ಡ ಹುಂಜದ ಎರಡರಷ್ಟು ಸಲ. "ಸಣ್ಣ ಮೈ ಇದ್ದವರದ ದನಿ ದೊಡ್ಡದು ಅಂತ ನನ್ನ ನೋಡಿದ್ರರೆ ತಿಳೀಬಾರದೇನ್ರಿ ನಿಮಗ?" ಎಂದು ಕಾಕಾ ನನಗೇ ಬೈದರು. ಬೈದು ಮುಗಿಸುವಷ್ಟರಲ್ಲಿ ಅದು ಮತ್ತೆ ಚೀರಿತು, ಅವರು ಹಿತ್ತಲಿಗೆ ಓಡಿದರು.

ಆಮೇಲೆ ಸರಕಾರದ ಬಿಳಿ ಲೆಗಾರ್ನ್ ಹುಂಜ. ಖಾಕಿ ಚಡ್ಡಿ, ಸೈಕಲ್ಲು, ಬಣ್ಣದ ಚಿತ್ರಪಟ ಹೊತ್ತು ತಿರುಗುವ ಗ್ರಾಮಸೇವಕನ ಕೆಲಸವೇ ಹಳ್ಳಿಗಳಿಗೆ ಸೀಮೆ ಹುಂಜ ಹಂಚಿ ಜವಾರಿ ಕೋಳಿಯ ತಳಿ ಸುಧಾರಿಸುವುದು. ನನ್ನ ಊರಿಗೆಂದು ಹೇಳಿ ಒಂದನ್ನು ತಂದೆ. "ಸೀಮಿ ಜಾತಿರಿ, ಶಿಸ್ತ ಇರ್ತೈತಿ," ಎಂದಿದ್ದ ಅವನು. ಶಿಸ್ತೇನೋ ಇತ್ತು. ಕಚೇರಿ ತೆರೆಯುವ ಹೊತ್ತಿಗೆ, ಮುಚ್ಚುವ ಹೊತ್ತಿಗೆ ತಪ್ಪದೆ ಕೂಗಿತು. "ಇಂಗ್ರೇಜರು ಹೋದ್ರು, ಅವರ ಹುಂಜ ಇನ್ನೂ ನಮ್ಮನ್ನ ಎಬ್ಬಸಾಕತ್ತೈತಿ," ಎಂದರು ಕಾಕಾ. ಅದರ ಬಿಳಿ ಪುಕ್ಕ ಹಾರಿ ಪಕ್ಕದ ಮನೆಯವರು ಒಣಗಹಾಕಿದ ಸಂಡಿಗೆಯ ಮೇಲೆ ಬಿತ್ತು. "ಹಿರಣ್ಯಕೇಶಿ ದಂಡ್ಯಾಗಿನ ಕೊಕ್ಕರಿ ಈ ಕಡೆ ಹಾರ್ಯಾಡಾಕತ್ತಾವವಾ," ಎಂದು ಮುಗಿಲಿನತ್ತ ಕೈ ಮಾಡಿ ತೋರಿಸಿದರು. ಪುರಾಣ ಹೇಳಿ ರೂಢಿಯಾದ ಬಾಯಿ, ಹೆಂಗಸರು ನಿಜವಾಗಿಯೂ ಮುಗಿಲು ನೋಡಿದರು.

ತಿರಸ್ಕೃತವಾದ ಹುಂಜಗಳನ್ನೆಲ್ಲ ನಾನು ರವಿವಾರ ಊರಿಗೆ ಒಯ್ಯುತ್ತಿದ್ದೆ. ಮೂರನೆಯದನ್ನು ಸಾರು ಮಾಡುವಾಗ ಅವ್ವ, "ಬಡ್ತಿ ಸಿಕ್ಕತೇನೋ ನಿನಗ?" ಎಂದು ಕೇಳಿದಳು. ಕಾಕಾ ಕೂಡ ಕೇಳುತ್ತಿದ್ದರು, "ಹೆಂಗಿತ್ರಿ ನಮ್ಮ ಗಿಡ್ಡಪ್ಪ?" ರುಚಿಯಾಗಿದ್ದ ಎಂದರೆ, "ಕೂಗ ಬಿಟ್ಟ ಮ್ಯಾಲರೆ ಒಬ್ಬರಿಗೆ ಉಪಯೋಗ ಬಿದ್ದ," ಎನ್ನುವರು.

ಇಷ್ಟೆಲ್ಲ ನಗೆಯ ನಡುವೆ ಅವರ ಕಣ್ಣು ಒಳಕೋಣೆಯ ಕಡೆಗೇ ಇರುತ್ತಿತ್ತು. ಕಾಕುವಿನ ಕೈ ತುಂಬುತ್ತಿದೆ, ಬಳೆ ಮೊಳಕೈ ತನಕ ಏರುತ್ತಿದ್ದುದು ಈಗ ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ ನಿಲ್ಲುತ್ತಿದೆ ಎಂದು ಒಂದು ದಿನ ಹೇಳಿದರು. ದಿನಾ ಅದನ್ನೇ ನೋಡುತ್ತಿದ್ದರೆಂದು ನನಗೆ ಆಗ ತಿಳಿಯಿತು. ನಗುವುದು ಬಿಟ್ಟು ನಾನು ಮತ್ತೊಂದು ಹುಂಜ ಹುಡುಕಲು ಹೊರಟೆ.

ಸಿಕ್ಕಿದ್ದು ಗೋಕಾಕದಲ್ಲಿ. ಹುಂಜದ ಕಾಳಗ ಆಡಿಸಿ, ಪೊಲೀಸರ ಕಾಟಕ್ಕೆ ಬಿಟ್ಟ ಒಬ್ಬ ಪೈಲವಾನನ ಬಳಿ ಅಸೀಲ ಜಾತಿಯ ಮುದಿ ಹುಂಜವೊಂದಿತ್ತು. ಎತ್ತರದ ಕಾಲು, ಅರ್ಧ ಹರಿದ ಜುಟ್ಟು, ಒಂದು ಕಣ್ಣು ಸದಾ ಅರೆಮುಚ್ಚಿ ನಿಂತಿರುತ್ತಿತ್ತು. "ಇದು ಮಾತಾಡಂಗಿಲ್ರಿ. ಬಡೀತೈತಿ," ಎಂದ ಪೈಲವಾನ. ನಾವು ಮೊದಲ ಮಾತನ್ನಷ್ಟೇ ಕಿವಿಗೆ ಹಾಕಿಕೊಂಡೆವು.

ಅಸೀಲ ನಿಜಕ್ಕೂ ದೇವರು ಕೊಟ್ಟ ಹುಂಜ. ನಸುಕಿನಲ್ಲಿ ಒಮ್ಮೆ, ಮುದುಕರು ಗಂಟಲು ಸರಿಪಡಿಸಿಕೊಂಡಂತೆ ಗೊರಕ್ ಎನ್ನುತ್ತಿತ್ತು, ಅಷ್ಟೆ. ಕೇಳಿದವರು ಕಾಕಾ ಕೆಮ್ಮಿದರೆಂದುಕೊಳ್ಳಬೇಕು. ಆದರೂ ಕಾಕಾ ತಮ್ಮ ಕೂಗು ನಿಲ್ಲಿಸಲಿಲ್ಲ. "ಒಮ್ಮಿಂದೊಮ್ಮೆಲೆ ಬಿಟ್ರ ಸಂಶೇ ಬರ್ತೈತಿ," ಎಂದರು. ಹೀಗೆ ಹುಂಜ ಬಾಯಿ ಮುಚ್ಚಿತು, ಯಜಮಾನರು ಕೂಗುತ್ತ ಉಳಿದರು. ಬುಟ್ಟಿಯ ಕೆಳಗೆ ಕುಳಿತ ಅಸೀಲ ದಿನಾ ಆ ಕೂಗನ್ನು ಕೇಳಿ ಮನಸ್ಸಿನಲ್ಲಿ ಏನು ಲೆಕ್ಕ ಹಾಕುತ್ತಿದೆ ಎಂದು ನಮಗೆ ಹೊಳೆಯಲಿಲ್ಲ.

ಶ್ರಾವಣಕ್ಕೆ ಮುಂಚೆ ಪುರಾಣಕ್ಕೆ ಕರೆಯುವುದೆಂದರೆ ಓಣಿಯ ಹಿರಿಯರು ಎಲೆ ಅಡಿಕೆ, ತೆಂಗಿನಕಾಯಿ ಹಿಡಿದು ಮನೆಗೆ ಬರುವುದು. ಆ ರವಿವಾರ ನಾನು ಕಾಕಾ ಅವರ ಪಡಸಾಲೆಯಲ್ಲಿ ಪೇಪರು ಓದಿ ಹೇಳುತ್ತಿದ್ದೆ. ಗೌಡರು ಇನ್ನಿಬ್ಬರೊಡನೆ ಬಂದು ಕಂಬಳಿಯ ಮೇಲೆ ಕುಳಿತರು. ತಟ್ಟೆಯನ್ನು ಮುಂದಿಟ್ಟು, ಕೊಡುವ ಮೊದಲು, "ಈ ವರ್ಷದ್ದ ಒಂದ ನುಡಿ ಕೇಳಸ್ರಿ, ಕಿವಿ ತಣ್ಣಗಾಗ್ಲಿ," ಎಂದರು.

ಕಾಕಾಗೆ ಹಾಡು ಎಂದರೆ ಸಾಕು, ಲೋಕದ ಎಚ್ಚರ ಇರುತ್ತಿರಲಿಲ್ಲ. ಬೆನ್ನು ನೇರ ಮಾಡಿ, ಕಣ್ಣು ಮುಚ್ಚಿ, ಎರಡೂ ಕೈ ಎತ್ತಿ ತಾರಕದಲ್ಲಿ ಎತ್ತಿಕೊಂಡರು. ಹಿತ್ತಲಲ್ಲಿ ಬುಟ್ಟಿ ಉರುಳಿದ ಸದ್ದಾಯಿತು. ನನಗೆ ಕೇಳಿತು, ಅವರಿಗೆ ಕೇಳಲಿಲ್ಲ. ಅಡುಗೆಮನೆ ದಾಟಿ, ಹೊಸ್ತಿಲು ದಾಟಿ, ಅಸೀಲ ಪಡಸಾಲೆಗೆ ಬಂದಿತು. ಅವಸರವಿಲ್ಲ. ಗೌಡರ ಮೊಳಕಾಲಿಗೆ ಒರಸಿಕೊಂಡೇ ಮುಂದೆ ನಡೆದು ಕಾಕಾ ಅವರ ಎದುರಿಗೆ ನಿಂತು, ಕತ್ತಿನ ಪುಕ್ಕವನ್ನೆಲ್ಲ ಕೊಡೆಯಂತೆ ಬಿಚ್ಚಿ, ತಲೆ ತಗ್ಗಿಸಿ ಸಜ್ಜಾಯಿತು. ಇಷ್ಟು ದಿನ ನಸುಕಿನಲ್ಲಿ ಸವಾಲು ಹಾಕುತ್ತಿದ್ದ ಎದುರಾಳಿ ಯಾರೆಂದು ಅದಕ್ಕೆ ಕೊನೆಗೂ ಪತ್ತೆ ಹತ್ತಿತ್ತು.

ಕಾಕಾ ಕಣ್ಣು ತೆರೆದರು. ಹಾಡು ಗಂಟಲಲ್ಲೇ ಉಳಿಯಿತು.

ಗೌಡರು ಹುಂಜವನ್ನು ನೋಡಿದರು, ಕಾಕಾರನ್ನು ನೋಡಿದರು. "ಯಾರ್ದಿದು?" ಎಂದರು.

ನಾನು, "ನಂದ್ರಿ," ಎಂದೆ. ಬಾಯಿ ತಾನಾಗಿಯೇ ಆಡಿಬಿಟ್ಟಿತು. ತಿನ್ನುವವನು ನಾನೊಬ್ಬನೇ ಅಲ್ಲವೇ, ಹೋದರೆ ಒಂದು ರೂಮು ಹೋದೀತು.

"ಸುಳ್ಳ," ಎಂದರು ಕಾಕಾ. "ಹುಡುಗಗ ಏನೂ ಸಂಬಂಧ ಇಲ್ರಿ. ಹುಂಜ ನಂದ."

ಆಗ ಒಳಕೋಣೆಯ ಬಾಗಿಲಲ್ಲಿ ಕಾಕು ಕಾಣಿಸಿಕೊಂಡರು. ಕೌದಿ ಹೊದ್ದು, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. "ಡಾಕ್ಟರು ಗಟ್ಟ್ಯಾಗಿ ಮಾತಾಡಬ್ಯಾಡ ಅಂದಾರ. ಸಣ್ಣಾಗಿ ಹೇಳ್ತೇನಿ, ಕಿವಿಗೊಟ್ಟ ಕೇಳ್ರಿ," ಎಂದರು. ಹಿರಿಯರು ಮೂವರೂ ಮುಂದಕ್ಕೆ ಬಾಗಿದರು. "ಇವರಿಬ್ಬರೂ ಸುಳ್ಳ ಹೇಳಾಕತ್ತಾರ. ಹುಂಜ ನಂದು, ಕೋಳಿನೂ ನಂದು. ತತ್ತಿ ತಿನ್ನಾಕಿ ನಾ. ಟಾನಿಕ್ ಅಂತ ಇವರು ಕೊಡ್ತಿದ್ರು, ಟಾನಿಕ್ ಅಂತ ನಾ ಕುಡೀತಿದ್ದೆ. ನನಗ ಬದುಕಬೇಕಾಗೈತ್ರಿ ಗೌಡ್ರ. ಪುರಾಣ ಬ್ಯಾರೆಯವರಿಗೆ ಕೊಡ್ತೀರಿ ಅಂದ್ರ ಕೊಡ್ರಿ."

ಅಷ್ಟು ಹೇಳಿ ಅವರಿಗೆ ದಮ್ಮು ಹತ್ತಿತು. ಹುಂಜ ಕೂಡ ಪುಕ್ಕ ಇಳಿಸಿತ್ತು. ಗೌಡರು ಬಹಳ ಹೊತ್ತು ಆಕೆಯ ಕೈಬಳೆ ನೋಡುತ್ತಿದ್ದರು. ಅವರ ಸೊಸೆಯೊಬ್ಬಳು ಇದೇ ಬೇನೆಯಿಂದ ಹೋಗಿದ್ದಳೆಂದು ನನಗೆ ಆಮೇಲೆ ತಿಳಿಯಿತು.

"ಈಗ ಮೈ ಹೆಂಗೈತಿ ತಂಗಿ?" ಎಂದರು ಗೌಡರು.

"ಅಡ್ಡಿಯಿಲ್ರಿ."

ಗೌಡರು ಎಲೆ ಅಡಿಕೆಯ ತಟ್ಟೆಯನ್ನು ಎರಡೂ ಕೈಯಿಂದ ಕಾಕಾ ಅವರ ಮುಂದೆ ಸರಿಸಿದರು. "ಪುರಾಣ ನಿಮ್ದ. ಕೋಳಿ ವಿಚಾರ ನಾ ಕೇಳಿಲ್ಲ, ನೀವು ಹೇಳಿಲ್ಲ. ಆದ್ರ ಈ ಹುಂಜ ಇವತ್ತ ಹೊರಗ ಹೋಗಬೇಕು. ಒಂದ ಮನಿಗೆ ಒದರವ್ರು ಇಬ್ಬರು ಬ್ಯಾಡ." ಎದ್ದು ಧೋತರ ಜಾಡಿಸಿಕೊಂಡು, ನನ್ನ ಕಡೆ ತಿರುಗಿ, "ನೀವರೆ ಎಂಥಾ ಕಾರಕೂನ್ರಿ? ಇಂಥಾ ಮುದಿ ಹುಂಜ ಯಾರ ತರ್ತಾರ?" ಎಂದು ಹೊರಟರು.

ಅಸೀಲನನ್ನು ಅದೇ ದಿನ ನಾನು ಊರಿಗೆ ಒಯ್ದೆ. ಎಷ್ಟು ಬೇಯಿಸಿದರೂ ಅದು ಬೇಯಲಿಲ್ಲ. ಕಾಕಾ ಮಾತ್ರ ಮಂಕಾಗಿಬಿಟ್ಟರು. ಪುರಾಣ ಉಳಿಯಿತು, ಮಾನ ಉಳಿಯಿತು, ಆದರೆ ಹುಂಜ ಹೋಯಿತು, ಇನ್ನು ತತ್ತಿ ಎಲ್ಲಿಂದ? ಹುಂಜ ಬಿಟ್ಟು ಕೋಳಿ ಮಾತ್ರ ಇಟ್ಟುಕೊಳ್ಳಿ ಎಂಬಂತೆ ಗೌಡರು ಆಡಿದ್ದು, ನೀರು ತೆಗೆದು ಬಾವಿ ಇಟ್ಟುಕೊಳ್ಳಿ ಎಂದಂತೆ ಅವರಿಗೆ ಕೇಳಿಸಿತ್ತು. ಮರುದಿನ ನಸುಕಿನಲ್ಲಿ ರೂಢಿಯ ಮೇಲೆ ಒಮ್ಮೆ ಮಹಾದೇವನನ್ನು ಕೂಗಿ ಬುಟ್ಟಿ ಎತ್ತಿದರೆ ಬೆಚ್ಚಗಿನ ತತ್ತಿ. "ಹಿಂದಿನ ಶಿಲ್ಕು ಉಳದಿರಬೇಕು," ಎಂದರು. ಅದರ ಮರುದಿನವೂ ಇತ್ತು. ದಿನ ಹೋದವು, ವಾರ ಹೋದವು, ಕೋಳಿಗಳು ಗಂಡ ಸತ್ತದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಒಂದು ಬೆಳಿಗ್ಗೆ ಕೈಯಲ್ಲಿ ತತ್ತಿ ಹಿಡಿದು ನನ್ನ ರೂಮಿಗೆ ಬಂದು ಕುಳಿತರು.

"ತಮ್ಮಾ, ಹುಂಜ ಬೇಕಾಗೇ ಇರಲಿಲ್ಲೋ."

"ಹೌದ್ರಿ, ಹಂಗ ಕಾಣತೈತಿ."

"ಹಂಗಾದ್ರ ಇಷ್ಟ ದಿನ ಅದು ಏನ ಮಾಡ್ತಿತ್ತು? ಬರೇ ಒದರೂದ?"

ಅವರು ತತ್ತಿಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತ ಕುಳಿತರು. ಮುಖದ ಮೇಲೆ ನಿಧಾನಕ್ಕೆ ನಗು ಬಂತು. "ನಮ್ಮ ಮನ್ಯಾಗ ಸೈತ ಹಂಗ ಐತಿ ನೋಡು. ಎಲ್ಲಾ ಆಕಿದ. ಅವತ್ತ ಗೌಡನ ಮುಂದ ನಿಂತಾಕಿ ಆಕಿ. ನಾ ಬರೇ ಒದರವ," ಎಂದರು. ಕಣ್ಣು ತುಂಬಿತ್ತು. ಅದನ್ನು ತಪಕೀರಿನ ಮೇಲೆ ಹಾಕಿ ಜೋರಾಗಿ ಸೀನಿದರು.

ಆ ಶ್ರಾವಣದ ಪುರಾಣದಲ್ಲಿ ರಾಜರನ್ನು ಬೈಯುವುದನ್ನು ಅವರು ಬಿಡಲಿಲ್ಲ, ರಾಣಿಯರನ್ನು ಮಾತ್ರ ಹೊಗಳಲು ಸುರುಮಾಡಿದರು. ಹೆಂಗಸರ ಸಾಲು ದೊಡ್ಡದಾಯಿತು. ಮುಂದಿನ ಚಳಿಗಾಲಕ್ಕೆ ಮೊದಲೇ ಗೌಡರ ಮನೆಯಿಂದ ಮುಚ್ಚಿದ ಹಿತ್ತಾಳೆ ಚರಿಗೆಯೊಂದು ಹಿತ್ತಲ ಬಾಗಿಲಿಗೆ ಬಂದು ಹೋಗಲು ಹತ್ತಿತು. ಮೊಮ್ಮಗನಿಗೆ ಎದೆ ಸಣ್ಣದಂತೆ. ಬೇರೆ ಚರಿಗೆಗಳೂ ಬಂದವು. ಎಲ್ಲವನ್ನೂ ಕಾಕಾ ತತ್ತಿ ತುಂಬಿ ಕಳಿಸಿದರು. ಯಾರೂ ಏನೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ನಸುಕಿನ ಕೂಗು ಮಾತ್ರ ನಿಲ್ಲಲಿಲ್ಲ. ಬಿಡಬೇಕೆಂದು ಒಂದು ದಿನ ಸುಮ್ಮನಿದ್ದರಂತೆ, ಹಾಲಿನವ ಬಂದು ಜಗಳ ತೆಗೆದನಂತೆ. ಹುಂಜ ಮಾಡುತ್ತಿದ್ದ ಕೆಲಸ ಕಾಯಂ ಆಗಿ ಅವರ ಪಾಲಿಗೆ ಬಂತು. "ಪಗಾರ ಇಲ್ಲ, ಪಿಂಚಣಿ ಇಲ್ಲ," ಎನ್ನುತ್ತಿದ್ದರು.

ಆಮೇಲೆ ನನಗೆ ಗೋಕಾಕಕ್ಕೆ ವರ್ಗವಾಯಿತು. ಮೂಡಲಗಿ ಸಂತೆಯಿಂದ ಎಳೆ ಕೋಳಿ ತಂದು ಮುಟ್ಟಿಸುವ ನೆಪದಲ್ಲಿ ವರ್ಷಕ್ಕೊಮ್ಮೆಯಾದರೂ ಹೋಗುತ್ತಿದ್ದೆ. ಕೋಳಿಯನ್ನು ಚೀಲದಿಂದ ತೆಗೆಯುವ ಮೊದಲು, "ಹೆಣ್ಣ ಹೌದಲ್ರಿ? ಮೊದಲ ನೋಡ್ರಿ," ಎಂದು ಕೇಳುವುದನ್ನು ಅವರು ಒಮ್ಮೆಯೂ ಮರೆಯಲಿಲ್ಲ.

ಜವಾನ ಸುದ್ದಿ ತಂದ ಸಂಜೆಯೇ ಹುಕ್ಕೇರಿಗೆ ಹೋದೆ. ಮಣ್ಣು ಮುಗಿದಿತ್ತು. ಪಡಸಾಲೆಯಲ್ಲಿ ಅದೇ ಕಂಬಳಿ, ಗೂಟಕ್ಕೆ ಅವರ ಕೊಡೆ. ಕಾಕು ಗೋಡೆಗೆ ಒರಗಿ ಕುಳಿತಿದ್ದರು, ಮೈ ಕೈ ತುಂಬಿಕೊಂಡ ಗಟ್ಟಿ ಮುದುಕಿ. ನಾನು ಏನೋ ಹೇಳಲು ಹೋಗಿ ಅತ್ತೆ. ಆಕೆಯೇ ನನ್ನನ್ನು ಸಮಾಧಾನ ಮಾಡಿದರು.

"ಆ ವರ್ಷ ನಾ ಸಾಯಾಕ ತಯಾರಾಗಿ ಮಲಗಿದ್ದೆ ನೋಡಪಾ. ಇವರು ದಿನಾ ಒದರಿ ಒದರಿ ಸಾಯಾಕ ಸೈತ ನಿದ್ದಿ ಹತ್ತಗೊಡಲಿಲ್ಲ. ಈಗ ನೋಡು, ತಾವ ಹೋಗೂ ಮುಂದ ಒಂದ ಸಪ್ಪಳ ಮಾಡಲಿಲ್ಲ," ಎಂದರು. ಸಿಟ್ಟಿನಿಂದಲೇ ಅಂದರು.

ಆ ದಿನ ಅಲ್ಲಿಯೇ ಪಡಸಾಲೆಯಲ್ಲಿ ಉಳಿದೆ. ನಸುಕಿನಲ್ಲಿ ಎಚ್ಚರವಾದಾಗ ಓಣಿ ಸುಮ್ಮನಿತ್ತು. ಗೋಡೆಯಾಚೆಯ ಆ ಒಂದು ಸದ್ದಿಗೆ ನನ್ನ ಕಿವಿ ಕಾಯುತ್ತಿತ್ತು. ಹಿತ್ತಲ ಬಾಗಿಲು ತೆರೆದಂತಾಗಿ ಎದ್ದು ಹೋದೆ. ಕಾಕು ಬುಟ್ಟಿ ಎತ್ತಿ ಪಕ್ಕಕ್ಕಿಟ್ಟು ನಿಂತಿದ್ದರು. ಕೋಳಿಗಳು ಒಂದಕ್ಕೊಂದು ಒತ್ತಿಕೊಂಡು ನೆಲಬಿಟ್ಟು ಏಳದೆ ಕುಳಿತಿದ್ದವು.

"ನಿನ್ನೆ ಹಿಡದ ಹಿಂಗ ಕುಂತಾವ. ಇವರ ದನಿ ಕೇಳದ ಏಳಂಗಿಲ್ಲ ಇವು," ಎಂದರು ಕಾಕು.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಒಮ್ಮೆ ಎದೆ ತುಂಬ ಉಸಿರೆಳೆದುಕೊಂಡರು. ಯಾವ ಎದೆಯ ಸಲುವಾಗಿ ಕಾಕಾ ಮೂರು ಊರು ತಿರುಗಿದ್ದರೋ ಅದೇ ಎದೆಯಿಂದ, ಓಣಿಯ ಈ ತುದಿಯಿಂದ ಆ ತುದಿಗೆ ಕೇಳುವಂತೆ, "ಹರ ಹರ ಮಹಾದೇವಾ!" ಎಂದು ಕೂಗಿದರು.

ಕೋಳಿಗಳು ರೆಕ್ಕೆ ಕೊಡವಿ ಎದ್ದವು. ಎದುರು ಮನೆಯಲ್ಲಿ ಅಗಳಿ ತೆಗೆದ ಸದ್ದಾಯಿತು.